ಮಂಚದ ಹಿಂಬದಿ

ಕೆಮ್ಮಿಬಿಟ್ಟಳು.

ಬೆಳಗಿನಿಂದ ತಡೆದಿಟ್ಟದ್ದು. ಸಿನಿಮಾದ ನಾಯಕಿ ಕ್ಲಾರಿಸ್ ಡೇನ್ ಸಾಯಬೇಕಾದ ಮಂಚದಲ್ಲಿ, ದೀಪಗಳ ಹೊಂದಿಕೆ ಮುಗಿಯುವವರೆಗೆ ಅವಳ ಬದಲಿಗೆ ಮಲಗಿರುವುದು ಥೆಲ್ಮಾಳ ಕೆಲಸ. ಅದೇ ಎತ್ತರ, ಅದೇ ಕೂದಲು. ಅಲುಗಾಡದೆ ಮಲಗುವುದರಲ್ಲಿ ಇಡೀ ಹಾಲಿವುಡ್ಡಿನಲ್ಲಿ ತನಗೆ ಸಾಟಿಯಿಲ್ಲವೆಂದು ಅವಳು ನಂಬಿದ್ದಳು. ನಂಬಲು ಬೇರೇನೂ ಇರಲಿಲ್ಲ.

ನಿರ್ದೇಶಕ ಬ್ರಾಂಟ್ ಕುರ್ಚಿಯಿಂದ ಎದ್ದು ಬಂದ. ಮುಗಿಯಿತು, ಅಂದುಕೊಂಡಳು. ಕ್ಷಯವೆಂದು ತಿಳಿದರೆ ಸ್ಟುಡಿಯೋದ ಗೇಟು ದಾಟಿಸಿ ಬೆಟ್ಟದ ಮೇಲಿನ ಆರೋಗ್ಯಧಾಮಕ್ಕೆ ಸಾಗಹಾಕುತ್ತಾರೆ. ಅಲ್ಲಿಯೂ ಮಲಗುವುದೇ, ಆದರೆ ನೋಡುವವರಿಲ್ಲ.

"ಇನ್ನೊಂದ್ಸಲ ಕೆಮ್ಮು."

"ಸಾರ್?"

"ಈಗ ಕೆಮ್ಮಿದ್ಯಲ್ಲ, ಹಾಗೇ. ಕ್ಲಾರಿಸ್ ನಿನ್ನೆಯಿಂದ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡವಳ ಥರ ಕೆಮ್ತಿದಾಳೆ. ನೀನೆಲ್ಲಿ ಕಲಿತೆ?"

ಹೇಳಿಬಿಡಬಹುದಿತ್ತು.

"ಸಂಜೆ ತರಗತೀಲಿ," ಎಂದಳು. "ನಾಟಕ ಕಲಿತಿದೀನಿ ಸಾರ್."

ಸುಳ್ಳೇನಲ್ಲ. ಕೆಮ್ಮು ಮಾತ್ರ ಪಾಠದಲ್ಲಿರಲಿಲ್ಲ.

"ಹಾಗಾದ್ರೆ ಮಂಚದ ಹಿಂದೆ ಕೂತ್ಕೊಂಡು ಕ್ಲಾರಿಸ್ ಬದಲು ನೀನೇ ಕೆಮ್ಮು," ಎಂದ ಬ್ರಾಂಟ್.

"ಕೆಮ್ಮೋಕೂ ಒಂದು ಇಸ್ಕೂಲು," ಎಂದ ಧ್ವನಿ ಹಿಡಿಯುವ ಗಸ್. ಮಂಚದ ತಲೆಹಲಗೆಯ ಹಿಂದೆ ಅವಳನ್ನು ಕೂರಿಸಿ, ಮೈಕನ್ನು ಬಾಯಿಯ ಹತ್ತಿರ ತಂದ. ಆಮೇಲೆ ದನಿ ತಗ್ಗಿಸಿದ. "ನಮ್ಮಣ್ಣನೂ ಹೀಗೇ ಕೆಮ್ತಿದ್ದ ಕಣಮ್ಮ."

"ಅವರೂ ನಟರಾ?"

"ಗಾರೆ ಕೆಲಸದವನು. ಡಾಕ್ಟರಿಗೆ ತೋರಿಸಿದೀಯಾ?"

"ಮೈಕು ಸ್ವಲ್ಪ ಕೆಳಗಿರಲಿ," ಎಂದಳು ಥೆಲ್ಮಾ.

ಕ್ಲಾರಿಸ್ ಬಂದಳು. ಸಾಯುವವಳ ತುಟಿಗೆ ಗುಲಾಬಿ ಬಣ್ಣ ಹಚ್ಚಿದ್ದರು. ಹಲಗೆಯ ಮೇಲಿಂದ ಇಣುಕಿ, "ಚೆನ್ನಾಗಿ ಕೆಮ್ಮು ಚಿನ್ನ, ನನ್ನ ಮರ್ಯಾದೆ ನಿನ್ನ ಕೈಲಿದೆ," ಎಂದು ನಕ್ಕಳು.

ಚಿತ್ರೀಕರಣ ಶುರುವೆನ್ನುವ ಕೆಂಪು ದೀಪ ಹತ್ತಿತು. ಮುಂದೆ ಕ್ಲಾರಿಸ್ ಕರವಸ್ತ್ರ ಎತ್ತಿದಾಗ ಹಿಂದೆ ಥೆಲ್ಮಾ ಕೆಮ್ಮಿದಳು. ಇಷ್ಟು ದಿನ ನುಂಗಿದ್ದನ್ನೆಲ್ಲ ಬಿಟ್ಟುಕೊಟ್ಟಳು. ದೂರದ ಊರು ಒಮಾಹಾದಲ್ಲಿರುವ ಅಮ್ಮ, ಕೊನೆಯವರೆಗೂ ತನ್ನ ಹೆಸರನ್ನು ತಪ್ಪಾಗಿ ಕೂಗಿದ ಸಂಜೆ ತರಗತಿಯ ಮೇಷ್ಟ್ರು, ಎಲ್ಲರೂ ಥಿಯೇಟರಿನ ಕತ್ತಲಲ್ಲಿ ಕೂತು ಈ ಕೆಮ್ಮಿಗೆ ಕಣ್ಣೊರೆಸಿಕೊಳ್ಳುತ್ತಾರೆ. ಯಾರದೆಂದು ಅವರಿಗೆ ಗೊತ್ತಾಗುವುದಿಲ್ಲ. ಆದರೂ ಅವಳ ಬೆನ್ನು ತಾನಾಗಿ ನೆಟ್ಟಗಾಯಿತು.

"ಅದ್ಭುತ," ಎಂದ ಬ್ರಾಂಟ್. ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ಲಾರಿಸ್ ತಲೆಬಾಗಿದಳು. "ಯಾರೂ ಜಾಗ ಬಿಡಬೇಡಿ. ಇದೇ ಬಿಸೀಲಿ ಸಾವನ್ನೂ ತೆಗೆದುಬಿಡೋಣ."

ಮತ್ತೆ ಕೆಂಪು ದೀಪ. ಕ್ಲಾರಿಸ್ ಸತ್ತಳು. ಪ್ರಿಯಕರ ಅವಳ ಹಣೆಗೆ ಮುತ್ತಿಟ್ಟು ಬಿಕ್ಕಿದ.

ಹಲಗೆಯ ಹಿಂದೆ, ಬಣ್ಣ ಕಾಣದ, ಮೊಳೆ ಎದ್ದ ಮರಕ್ಕೆ ಹಣೆ ಒತ್ತಿ, ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಥೆಲ್ಮಾ ಕೂತಿದ್ದಳು. ಸತ್ತವಳು ಕೆಮ್ಮಕೂಡದು. ಬೆರಳ ಸಂದಿಯಲ್ಲಿ ಬೆಚ್ಚಗೆ ಏನೋ ಇಳಿಯಿತು. ಗಸ್ ನೋಡಿದ. ಅವನ ಕೈ ಅರ್ಧ ಎದ್ದಿತು. ಬೇಡವೆಂದು ಅವಳು ತಲೆಯಾಡಿಸಿದಳು. ಬ್ರಾಂಟ್ ಇನ್ನೂ ಕಟ್ ಹೇಳಿರಲಿಲ್ಲ.

ಹಲಗೆಯ ಆಚೆ, ಕಿವಿಗೆ ಹತ್ತಿರದಲ್ಲೇ, ಹೆಣ ನೆಮ್ಮದಿಯಾಗಿ ಉಸಿರಾಡುವುದು ಕೇಳುತ್ತಿತ್ತು.