ಮಾಂಸ ಮುಟ್ಟದ ಸೊಸೆಗೆ ಲಾಡಿಹುಳುವಿನ ಕಾಟ

ನಮ್ಮ ಬೀದಿಯಲ್ಲಿ ಉಪ್ಪಿನತ್ತೆ ಎಂದರೆ ಯಾರು ಬೇಕಾದರೂ ಮನೆ ತೋರಿಸುತ್ತಾರೆ. ಮನೆಯ ಮುಂದಿನ ಕೋಣೆಯೇ ಅವರ ಊಟದ ಅಂಗಡಿ. ಹಂದಿಮಾಂಸವನ್ನು ಕತ್ತಿಯಲ್ಲಿ ಕೊಚ್ಚಿ, ಈರುಳ್ಳಿ, ಮೆಣಸು, ಉಪ್ಪು ಸೇರಿಸಿ, ಉಂಡೆ ಕಟ್ಟಿ ಕರಿಯುತ್ತಾರೆ. ಮಧ್ಯಾಹ್ನವಾದರೆ ಗ್ಯಾರೇಜಿನವರು, ಮರದ ಮಿಲ್ಲಿನವರು ಬೆಂಚಿನ ಮೇಲೆ ಒತ್ತೊತ್ತಾಗಿ ಕೂರುತ್ತಾರೆ. ಉಪ್ಪು ಒಂದು ಹರಳು ಹೆಚ್ಚಿಲ್ಲ, ಒಂದು ಹರಳು ಕಡಿಮೆಯಿಲ್ಲ. ಹೆಸರು ಬಂದದ್ದೇ ಅದರಿಂದ.

ಆ ಹದ ಸಿಗುತ್ತಿದ್ದದ್ದು ಹೇಗೆ ಗೊತ್ತೆ? ಕಲೆಸಿದ ಹಸಿ ಮಾಂಸವನ್ನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನೋಡುತ್ತಿದ್ದರು. "ಕರಿದ ಮೇಲೆ ಉಪ್ಪು ಕಮ್ಮಿ ಅಂತ ಗೊತ್ತಾದ್ರೆ ಮೇಲಿಂದ ಉದುರಿಸೋಕಾಗುತ್ತಾ?" ಎಂದು ಕೇಳುತ್ತಿದ್ದರು. ಇನ್ನೊಂದು ಹಟವೂ ಇತ್ತು. ಅಂಗಡಿ ಹೊತ್ತಿನಲ್ಲಿ ಕೈಗೆ ಸೋಪು ಮುಟ್ಟಿಸುತ್ತಿರಲಿಲ್ಲ. ಕಕ್ಕಸಿಗೆ ಹೋಗಿ ಬಂದರೂ ಬರೀ ನೀರು. ಸೋಪಿನ ವಾಸನೆ ಉಂಡೆಗೆ ಹತ್ತಿದರೆ ಗಿರಾಕಿ ಮೂಗು ಮುರಿಯುತ್ತಾನೆ ಎಂಬ ಭಯ.

ಅವರ ಸೊಸೆ ಟೈಲರ್. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳ ಮಿಷನ್ನು. ಮಾಂಸದ ವಾಸನೆಯೇ ಅವಳಿಗೆ ಆಗದು. ಅತ್ತೆ ಅದಕ್ಕೆ ಒಂದು ದಿನವೂ ಗೊಣಗಿದವರಲ್ಲ. ದಿನಾ ಮಧ್ಯಾಹ್ನ ಕೈಕೆಲಸ ಬಿಟ್ಟು ಸೌತೆಕಾಯಿ, ಕ್ಯಾರೆಟ್ಟು, ಟೊಮೆಟೊ ಹೆಚ್ಚಿ, ನಿಂಬೆಹಣ್ಣು ಹಿಂಡಿ, ತಾವೇ ತಟ್ಟೆ ತಂದು ಮಿಷನ್ನಿನ ಪಕ್ಕ ಇಡುತ್ತಿದ್ದರು. ಇಂಥ ಅತ್ತೆ ಸಿಗಲು ಪುಣ್ಯ ಮಾಡಿರಬೇಕು ಎಂದು ಬೀದಿಯ ಹೆಂಗಸರು ಹೊಟ್ಟೆಕಿಚ್ಚುಪಡುತ್ತಿದ್ದರು.

ಒಂದು ದಿನ ಲಂಗಕ್ಕೆ ಅಂಚು ಹೊಲಿಯುತ್ತಿದ್ದ ಸೊಸೆ ಸ್ಟೂಲಿನಿಂದ ಉರುಳಿಬಿದ್ದಳು. ಕೈಕಾಲು ಅದುರಿದವು, ಬಾಯಲ್ಲಿ ನೊರೆ ಬಂತು. ಸ್ವಲ್ಪ ಹೊತ್ತಿನಲ್ಲಿ ಎಚ್ಚರವಾಯಿತು. ನಿದ್ದೆಗೆಟ್ಟು ಹೀಗಾಗಿದೆ ಎಂದು ಎಲ್ಲರೂ ಸುಮ್ಮನಾದರು. ಎರಡನೆಯ ಸಲ ಮೂರ್ಛೆ ಬಂದಾಗ ಅವಳ ತೊಡೆಯ ಮೇಲೆ ಮಗುವಿತ್ತು. ಅದು ನೆಲಕ್ಕೆ ಉರುಳಿತು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಆದರೆ ಅತ್ತೆಯ ಎದೆ ಒಡೆದುಹೋಯಿತು. ಅಂದಿನಿಂದ ಅವರು ಮಗುವನ್ನು ಸೊಸೆಯ ಕೈಗೆ ಕೊಡಲೇ ಇಲ್ಲ.

"ಅವಳನ್ನ ಸ್ವಲ್ಪ ದಿನ ತವರಿಗೆ ಕಳಿಸಪ್ಪ. ಮಗು ಇಲ್ಲೇ ಇರಲಿ" ಎಂದರು ಮಗನಿಗೆ.

ಪರದೆಯ ಆಚೆ ಇದ್ದ ಸೊಸೆಗೆ ಅದು ಕೇಳಿಸಿತು. ಮಡಿಸಿಟ್ಟಿದ್ದ ಮಗುವಿನ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಿಸುತ್ತ ಕೂತಳು. ಕಾಯಿಲೆಗಿಂತ ಆ ಮಾತೇ ಅವಳನ್ನು ಹೆಚ್ಚು ಸುಟ್ಟಿತು.

ಮಗ ತವರಿಗೆ ಕಳಿಸುವ ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋದ. ತಲೆಯ ಸ್ಕ್ಯಾನ್ ನೋಡಿದ ಡಾಕ್ಟರು, ಮಿದುಳಿನಲ್ಲಿ ಹಂದಿಮಾಂಸದಿಂದ ಹರಡುವ ಲಾಡಿಹುಳುವಿನ ಮರಿಗಳು ಸಣ್ಣ ಗುಳ್ಳೆಗಳಾಗಿ ಕೂತಿವೆ ಎಂದರು. ಮೂರ್ಛೆಗೆ ಮಾತ್ರೆ ಕೊಟ್ಟರು. ಮನೆಯವರೆಲ್ಲರ ಮಲ ಪರೀಕ್ಷೆ ಆಗಬೇಕು ಎಂದೂ ಹೇಳಿ ಕಳಿಸಿದರು.

ಮರುದಿನ ಎದುರು ಮನೆಯ ನರ್ಸಕ್ಕ ಬಂದರು. ಕೈಯಲ್ಲಿ ಪುಟ್ಟ ಡಬ್ಬಿಗಳಿದ್ದವು.

"ಬಾರಮ್ಮ, ಡಬ್ಬಿ ಬೇರೆ ತಂದಿದ್ದೀಯ. ಎಷ್ಟು ಉಂಡೆ ಹಾಕ್ಲಿ?" ಎಂದರು ಉಪ್ಪಿನತ್ತೆ.

"ಅಯ್ಯೋ ಅತ್ತೆ, ಈ ಡಬ್ಬಿಗೆ ನಿಮ್ಮ ಉಂಡೆ ಬೇಡ! ನಾಳೆ ಬೆಳಿಗ್ಗೆ ಒಂದು ಚೂರು ಮಲ ಹಾಕಿಕೊಡಿ."

ಚಿಂತೆಯಲ್ಲಿದ್ದ ಮಗನಿಗೂ ನಗು ತಡೆಯಲಾಗಲಿಲ್ಲ. ಅತ್ತೆ ಮುಖ ಸಿಂಡರಿಸಿದರು. "ತಲೇಲಿ ಹುಳು ಅಂತೆ, ಹಂದಿಮಾಂಸದಿಂದ ಬರುತ್ತಂತೆ! ಇವಳು ಮಾಂಸ ಮೂಸಿಯೂ ನೋಡಲ್ಲ. ತಿನ್ನೋಳು ನಾನು, ಗುಂಡುಕಲ್ಲಿನ ಹಾಗಿದ್ದೀನಿ. ನಿಮ್ಮ ಡಾಕ್ಟ್ರಿಗೆ ತಲೆ ಕೆಟ್ಟಿದೆ."

"ಕೇಳೋದು ನ್ಯಾಯವಾಗೇ ಇದೆ" ಎಂದು ನರ್ಸಕ್ಕ ಬೆಂಚೆಳೆದು ಕೂತರು. "ಹುಳು ಒಂದೇ, ದಾರಿ ಎರಡು. ಹಂದಿಮಾಂಸದಲ್ಲಿ ಈ ಹುಳುವಿನ ಗುಳ್ಳೆ ಇದ್ದು, ಅದನ್ನ ಹಸಿಯಾಗಿಯೋ ಅರೆಬೆಂದೋ ತಿಂದ್ರೆ, ಹೊಟ್ಟೇಲಿ ಉದ್ದನೆಯ ಹುಳು ಬೆಳೆಯುತ್ತೆ. ಚಪ್ಪಟೆ ಹುಳು, ಲಾಡಿ ಇದ್ದ ಹಾಗೆ. ಎಷ್ಟೋ ಜನಕ್ಕೆ ನೋವೂ ಇರಲ್ಲ, ಗುಂಡುಕಲ್ಲಿನ ಹಾಗೇ ಇರ್ತಾರೆ."

"ಸರಿ. ಇವಳಿಗೆ ಹೇಗೆ ಬಂತು, ಅದು ಹೇಳು."

"ಆ ಹುಳುವಿನ ಮೊಟ್ಟೆ ಮಲದಲ್ಲಿ ಬರುತ್ತೆ. ಕಣ್ಣಿಗೆ ಕಾಣಲ್ಲ. ಸೋಪು ಹಾಕಿ ತೊಳೀದಿದ್ರೆ ಕೈಯಲ್ಲೇ, ಉಗುರಲ್ಲೇ ಉಳಿಯುತ್ತೆ. ಆ ಕೈ ಮುಟ್ಟಿದ ಊಟ ತಿಂದೋರ ಹೊಟ್ಟೆಗೆ ಮೊಟ್ಟೆ ಹೋಗುತ್ತೆ. ಅಲ್ಲಿ ಒಡೆದು, ಮರಿ ರಕ್ತದ ಜೊತೆ ಮಿದುಳಿಗೂ ಹೋಗಿ ಕೂರಬಹುದು. ಅದಕ್ಕೆ ಮಾಂಸ ತಿನ್ನಬೇಕು ಅಂತೇನಿಲ್ಲ. ಬಯಲಲ್ಲಿ ಮಲ ಬಿದ್ದಿದ್ರೆ ಹಂದಿ ಅದನ್ನ ತಿನ್ನುತ್ತೆ, ಅದರ ಮಾಂಸದಲ್ಲಿ ಮತ್ತೆ ಗುಳ್ಳೆ ಆಗುತ್ತೆ."

ಬಾಣಲೆಯಲ್ಲಿ ಉಂಡೆ ಕಪ್ಪಾಗುತ್ತಿತ್ತು. ಅತ್ತೆ ತೆಗೆಯಲಿಲ್ಲ. "ಆ ಹುಳು ಹೊಟ್ಟೇಲಿದ್ರೆ ಗೊತ್ತಾಗಲ್ವಾ?" ಎಂದು ಮೆಲ್ಲಗೆ ಕೇಳಿದರು.

"ಕೆಲವರಿಗೆ ಮಲದಲ್ಲಿ ಬಿಳಿ ಚಪ್ಪಟೆ ಚೂರು ಕಾಣುತ್ತೆ, ಲಾಡಿ ಕತ್ತರಿಸಿದ ಹಾಗೆ."

"ನಾನು ನೋಡಿದೀನಿ ಕಣೆ. ಇಂಥದ್ದನ್ನ ಯಾರ ಹತ್ರ ಹೇಳ್ಕೊಳ್ಳೋದು? ಅಂಗಡಿ ಇಟ್ಟೋಳು ನಾನು." ಅತ್ತೆಯ ದನಿ ಇಳಿದುಹೋಗಿತ್ತು. ಆಮೇಲೆ ಅವರಿಗೆ ಇನ್ನೊಂದು ಹೊಳೆಯಿತು. "ಹಾಗಾದ್ರೆ ದಿನಾ ಸೌತೆಕಾಯಿ ಹೆಚ್ಚಿಕೊಟ್ಟಿದ್ದು..."

"ನಿಮ್ಮ ಕೈಯಿಂದಲೇ ಅಂತ ಆಣೆ ಮಾಡಿ ಹೇಳೋಕಾಗಲ್ಲ ಅತ್ತೆ. ಹೊರಗಡೆ ತಿಂದದ್ದರಿಂದಲೂ ಬಂದಿರಬಹುದು. ಮೊದಲು ಪರೀಕ್ಷೆ ಆಗಲಿ. ನಿಮ್ಮ ಉಂಡೆ ತಿಂದೋಳು ನಾನೂ. ನಂದೂ ಒಂದು ಡಬ್ಬಿ ಇದೆ ನೋಡಿ."

ಪರದೆ ಸರಿಸಿ ಸೊಸೆ ಬಂದಳು. "ಅಕ್ಕಾ, ನನ್ನಿಂದ ಮಗೂಗೆ ಅಂಟುತ್ತಾ?"

"ನಿನ್ನ ತಲೇಲಿರೋ ಮರಿ ಯಾರಿಗೂ ಅಂಟಲ್ಲ. ಮಾತ್ರೆ ಒಂದು ದಿನವೂ ತಪ್ಪಿಸಬೇಡ. ಮೂರ್ಛೆ ಹತೋಟಿಗೆ ಬರೋವರೆಗೂ ನೆಲದ ಮೇಲೆ ಚಾಪೆ ಹಾಸಿ, ಯಾರಾದ್ರೂ ಪಕ್ಕದಲ್ಲಿದ್ದಾಗ ಮಗು ಎತ್ಕೋ. ಒಲೆ, ಬಾವಿ ಹತ್ರ ಒಬ್ಬಳೇ ಹೋಗಬೇಡ. ಮತ್ತೆ ಮೂರ್ಛೆ ಬಂದ್ರೆ ಪಕ್ಕಕ್ಕೆ ಮಲಗಿಸಿ, ಬಾಯೊಳಗೆ ಚಮಚ ಗಿಮಚ ತುರುಕಬೇಡಿ. ಇನ್ನೊಂದು ಮಾತು, ಅಂಗಡೀಲಿ ಸಿಗೋ ಹುಳದ ಮಾತ್ರೆ ನೀನಾಗೇ ನುಂಗಬೇಡ. ಮಿದುಳಲ್ಲಿ ಗುಳ್ಳೆ ಇದ್ದೋರಿಗೆ ಅದರಿಂದ ಅಪಾಯ ಆಗಬಹುದು. ಡಾಕ್ಟ್ರು ಹೇಳಿದ್ದೇ ತಗೋ."

ಪರೀಕ್ಷೆಯಲ್ಲಿ ಅತ್ತೆಯ ಹೊಟ್ಟೆಯಲ್ಲಿ ಲಾಡಿಹುಳು ಇರುವುದು ಖಚಿತವಾಯಿತು. ಬೇರೆ ಯಾರಲ್ಲೂ ಇರಲಿಲ್ಲ. ಅತ್ತೆ ಅಂಗಡಿ ಮುಚ್ಚಿ, ಆಸ್ಪತ್ರೆಯಲ್ಲಿ ಕೊಟ್ಟ ಮದ್ದು ತೆಗೆದುಕೊಂಡರು. ಹುಳು ಹೋಗಿದೆ ಎಂದು ಮತ್ತೆ ಪರೀಕ್ಷೆಯಲ್ಲಿ ಗೊತ್ತಾಗುವವರೆಗೂ ಬಾಗಿಲು ತೆರೆಯಲಿಲ್ಲ. ಈಗ ಮೊದಲು ಒಂದು ಸಣ್ಣ ಉಂಡೆ ಕರಿದು, ಒಡೆದು, ಒಳಗೂ ಬೆಂದಿದೆಯೇ ಎಂದು ನೋಡಿ, ಆಮೇಲೆ ಉಪ್ಪು ನೋಡುತ್ತಾರೆ. "ದಿನಾ ಒಂದುಂಡೆ ನಷ್ಟ ಅಲ್ವಾ ಅತ್ತೆ?" ಎಂದು ಗ್ಯಾರೇಜಿನವರು ರೇಗಿಸಿದರೆ, "ನಷ್ಟ ನನ್ನ ಹೊಟ್ಟೆಗೇ ತಾನೆ ಹೋಗೋದು!" ಎನ್ನುತ್ತಾರೆ. ಕೈಯನ್ನೂ ಸೋಪು ಹಚ್ಚಿಯೇ ತೊಳೆಯುತ್ತಾರೆ, ವಾಸನೆ ಹೋಗಲು ಇನ್ನೆರಡು ಚೊಂಬು ನೀರು ಸುರಿದರಾಯಿತು ಎಂಬುದು ಅವರಿಗೆ ತಿಳಿದಿದೆ.

ಪರೀಕ್ಷೆಯ ಫಲ ಬಂದ ದಿನ ನಡೆದದ್ದನ್ನು ಹೇಳಲೇಬೇಕು. ಮಗ ಸುದ್ದಿ ತಂದಾಗ ಅತ್ತೆ ಎದ್ದು, ಸೋಪು ಹಚ್ಚಿ ಮಣಿಕಟ್ಟಿನವರೆಗೂ ಉಜ್ಜಿ ಕೈ ತೊಳೆದುಕೊಂಡರು. ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿದರು.

"ಕೂತ್ಕೋ" ಎಂದರು ಸೊಸೆಗೆ. "ಹುಳು ಇದ್ದದ್ದು ನನ್ನ ಹೊಟ್ಟೇಲಿ. ಮನೆ ಬಿಟ್ಟು ಹೋಗು ಅಂದದ್ದು ನಿನಗೆ. ತಪ್ಪಾಯ್ತಮ್ಮ." ಹೇಳುತ್ತಲೇ ಮಗುವನ್ನು ಅವಳ ಮಡಿಲಿಗೆ ಹಾಕಿದರು. ಸೊಸೆ ಮಗುವನ್ನು ಅವುಚಿಕೊಂಡು ಮನಸಾರೆ ಅತ್ತಳು. ಅತ್ತೆ ಅವಳ ಪಕ್ಕದಲ್ಲೇ ಕೂತಿದ್ದರು.

ಕೇಳಿದಿರಲ್ಲ, ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ? ಉಪ್ಪಿನತ್ತೆಯ ಮನಸ್ಸಿನಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ, ಕೈಗೆ ಸೋಪಿನ ಕೊರತೆ ಇತ್ತು. ಮಾಂಸವನ್ನು ಒಳಗೆ ಕೆಂಪು ಉಳಿಯದಂತೆ ಚೆನ್ನಾಗಿ ಬೇಯಿಸಿ. ಹಸಿ ತರಕಾರಿಯನ್ನು ಶುದ್ಧ ನೀರಿನಲ್ಲಿ ತೊಳೆದು ತಿನ್ನಿ. ಮಲವಿಸರ್ಜನೆಗೆ ಬಯಲಿಗೆ ಹೋಗಬೇಡಿ, ಹಂದಿ ಸಾಕಿದವರು ದೊಡ್ಡಿಯಲ್ಲಿ ಕೂಡಿಹಾಕಿ. ಮಲದಲ್ಲಿ ಬಿಳಿ ಚೂರು ಕಂಡರೆ ನಾಚದೆ ಆಸ್ಪತ್ರೆಗೆ ಹೋಗಿ. ಮೂರ್ಛೆ ಬಂದವರನ್ನು ದೂರ ಇಡಬೇಡಿ, ಡಾಕ್ಟರ ಹತ್ತಿರ ಕರೆದೊಯ್ಯಿರಿ. ಇವತ್ತು ನಿಮ್ಮ ಮನೆಯಲ್ಲಿ ಊಟ ಬಡಿಸುವವರು ಯಾರು? ನೀವೇ ಆದರೆ, ಮೊದಲು ಎದ್ದು ಕೈ ತೊಳೆದು ಬನ್ನಿ. ಸೋಪು ಹಚ್ಚಿ.