ನಿಂಬೆಹಣ್ಣು ಚುಚ್ಚಿದ ಕಟಾರಿ

ಅರಿಶಿಣ ಹಚ್ಚಿಸಿಕೊಂಡ ಮದುಮಗ ಹೊಸ್ತಿಲು ದಾಟಬಾರದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಕಮಲಾಪುರದ ಸೂಗಪ್ಪ ದಾಟಿದ. ಮದುಮಗಳು ಜಯದೇವಿಯ ಸೋದರಮಾವ ದೇವೀಂದ್ರಪ್ಪ ಕಲಬುರಗಿಯಿಂದ ಮದುವೆ ಸೀರೆ ತರಬೇಕಿತ್ತು. ಸಂಜೆಯಾದರೂ ಗಾಡಿಯ ಸುಳಿವಿಲ್ಲ. ಸೂಗಪ್ಪ ತಡೆಯಲಾರದೆ ರಸ್ತೆಗೆ ಓಡಿದ. ಮದುಮಗನ ಕೈಯ ಕಟಾರಿಯನ್ನು ತಾಳಿ ಕಟ್ಟುವವರೆಗೂ ಕೆಳಗಿಡುವಂತಿಲ್ಲ. ಹಾಗಾಗಿ ಅದೂ ಜೊತೆಗೆ ಹೋಯಿತು, ದೃಷ್ಟಿಯಾಗದಂತೆ ತುದಿಗೆ ಚುಚ್ಚಿದ ನಿಂಬೆಹಣ್ಣಿನ ಸಮೇತ.

ಗಾಡಿ ಕಂಡದ್ದೇ ತಡ, "ನಿಲ್ರೀ!" ಎಂದು ಕಟಾರಿ ಬೀಸಿದ. ಹಳದಿ ಮೋರೆ, ಕೈಯಲ್ಲಿ ಆಯುಧ! ಅವನನ್ನು ಎಂದೂ ನೋಡಿರದ ದೇವೀಂದ್ರಪ್ಪ ಗಾಡಿಯಿಂದ ಹಾರಿ, ರುಮಾಲು ಬಿದ್ದದ್ದನ್ನೂ ನೋಡದೆ ಜೋಳದ ಹೊಲಕ್ಕೆ ನುಗ್ಗಿದ. ಎಷ್ಟು ಕೂಗಿದರೂ ತಿರುಗಲಿಲ್ಲ. ಸೂಗಪ್ಪ ತಾನೇ ಗಾಡಿ ಹೊಡೆದು ಸೀರೆಗಳನ್ನು ಮದುವೆಮನೆಗೆ ಮುಟ್ಟಿಸಿದ. ಬೆಳಗಾದರೆ ತಾಳಿ ಕಟ್ಟುವ ಕೈಗೆ ಬೇಡಿ ಬಿತ್ತು.

ಅಷ್ಟರೊಳಗೆ ದೇವೀಂದ್ರಪ್ಪ ಠಾಣೆಗೆ ಫಿರ್ಯಾದು ಕೊಟ್ಟು, ಕಲಬುರಗಿಯ ಬಜಾರಿನಲ್ಲಿ ನಾಲ್ವರು ದರೋಡೆಕೋರರ ಜೊತೆ ಬಾಯಲ್ಲೇ ಹೊಡೆದಾಡಿ ಮುಗಿಸಿದ್ದ. ಸಿಕ್ಕಿಬಿದ್ದವನು ಸೊಸೆಯ ಮದುಮಗನೇ ಎಂದು ಆಮೇಲೆ ತಿಳಿಯಿತು. ಆದರೆ ಊರೆಲ್ಲ ಹಂಚಿದ ಬಡಾಯಿಯನ್ನು ವಾಪಸು ನುಂಗುವುದು ಹೇಗೆ?

ವಕೀಲ ಖಮರುದ್ದೀನ್ ಜೈಲಿಗೆ ಬಂದು ಹೇಳಿದ: "ಹತಿಯಾರ ಹಿಡದು ಲೂಟಿ ಮಾಡಿದ್ರ ಏಳು ವರ್ಷ ಖೈದು ಅದ, ಸೂಗಪ್ಪ. ಸೀರಿ ಮದುವಿ ಮನಿಗೇ ಮುಟ್ಯಾವ, ಲೂಟಿ ಇರಾದಾ ಇರಲಿಲ್ಲ ಅಂತ ನಾ ವಾದ ಮಾಡ್ತೀನಿ. ಆದ್ರ ತುದಿಗಿ ನಿಂಬೆಹಣ್ಣಿತ್ತು, ಅದು ಮದುಮಗನ ಕಟಾರಿ ಅಂತ ಫಿರ್ಯಾದಿನೇ ಹೇಳಬೇಕು."

"ಹಣ್ಣು ಠಾಣಾದಾಗ ಅದಲ್ಲರೀ?"

"ಅದು ಯಾರದೋ ಶರಬತ್ತಿಗಿ ಹೋಗೇದ."

ಏಳು ವರ್ಷ ಜಯದೇವಿ ಕಾದಾಳೇ? ಸೂಗಪ್ಪ ಬೆರಳು ಮಡಚಿ ವರ್ಷ ಎಣಿಸತೊಡಗಿದ.

ಕೋರ್ಟಿನಲ್ಲಿ ದೇವೀಂದ್ರಪ್ಪ ಮೀಸೆ ತಿರುವಿದ. "ನಾಲ್ಕು ಮಂದಿ ಇದ್ರು, ಹುಜೂರ್. ಕತ್ತಿ ಝಳಝಳ ಹೊಳೀತಿತ್ತು!"

ಹಿಂದಿನಿಂದ ಜಯದೇವಿ ಎದ್ದು ನಿಂತಳು. ಕೆನ್ನೆಯ ಅರಿಶಿಣ ಇನ್ನೂ ಪೂರ್ತಿ ಹೋಗಿರಲಿಲ್ಲ.

"ಮಾಮಾ, ಆ ನಾಲ್ಕು ಮಂದ್ಯಾಗ ನಾ ಯಾರನ್ನ ಲಗ್ನ ಆಗ್ಲಿ? ಅದೊಂದು ಹೇಳ್ರಿ."

ಕೋರ್ಟು ಬಿದ್ದು ಬಿದ್ದು ನಕ್ಕಿತು. ಸೋದರಸೊಸೆಯ ಕಣ್ಣು ಮಾತ್ರ ನಗುತ್ತಿರಲಿಲ್ಲ. ದೇವೀಂದ್ರಪ್ಪನ ಮೀಸೆ ಇಳಿಯಿತು.

"ಒಬ್ಬನೇ ಇದ್ದ, ಹುಜೂರ್. ನಿಂಬೆಹಣ್ಣೂ ಇತ್ರಿ."

ನ್ಯಾಯಾಧೀಶರು ಸೂಗಪ್ಪನನ್ನು ಬಿಟ್ಟರು, ಕಟಾರಿಯನ್ನೂ ಕೊಡಿಸಿದರು. ಬೋಳು ತುದಿ ನೋಡಿ, ಹೊಸ ನಿಂಬೆಹಣ್ಣನ್ನು ಫಿರ್ಯಾದಿಯೇ ತಂದು ಚುಚ್ಚಲಿ ಎಂದು ಹುಕುಂ ಮಾಡಿದರು.

ದೇವೀಂದ್ರಪ್ಪ ಓಡಿಹೋಗಿ ಹಣ್ಣು ತಂದ. ಚುಚ್ಚಲೆಂದು ಸೂಗಪ್ಪ ಕಟಾರಿಯನ್ನು ಭಕ್ತಿಯಿಂದ ಮುಂದೆ ಚಾಚಿದ. ಮಾವ ಹಣ್ಣನ್ನು ಅಲ್ಲೇ ಬಿಟ್ಟು ಬಾಗಿಲ ಕಡೆ ಓಡಿದ.