ಅರ್ಧ ಟ್ಯಾಂಕ್ ನೀರು

ಆ ಬೆಳಿಗ್ಗೆ ಬಸ್ಸು ಬರಲಿಲ್ಲ. ಸುಮಾ ಸ್ಟಾಪಿನಲ್ಲಿ ನಿಂತು ನಿಂತು ಸಾಕಾಗಿ ಆಟೋ ನೋಡುತ್ತಿದ್ದಾಗ ತಮ್ಮ ಮಣಿಕಂಠನ ಟ್ಯಾಂಕರ್ ಬಂದು ಪಕ್ಕದಲ್ಲೇ ನಿಂತಿತು.

"ಹತ್ತಕ್ಕಾ. ಒಂದು ಅಪಾರ್ಟ್‌ಮೆಂಟಿಗೆ ನೀರು ಬಿಟ್ಟು, ಹಂಗೇ ನಿನ್ನ ಸ್ಕೂಲ್ ಹತ್ರ ಇಳಿಸ್ತೀನಿ."

ಅಕ್ಕ-ತಮ್ಮ ಇಬ್ಬರೂ ಅಲ್ಲಾಳಸಂದ್ರದಲ್ಲೇ ಹುಟ್ಟಿ ಬೆಳೆದವರು. ಸುಮಾ ವಿದ್ಯಾರಣ್ಯಪುರದ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮಣಿಕಂಠ ಭೀಮರಾಜ್ ಎಂಬುವರ ಹತ್ತಿರ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಆ ಬೇಸಿಗೆಯಲ್ಲಿ ಸುತ್ತಮುತ್ತಲ ಬೋರ್‌ವೆಲ್‌ಗಳೆಲ್ಲ ಕೈಕೊಟ್ಟು, ಅವನಿಗೆ ಊಟಕ್ಕೂ ಪುರುಸೊತ್ತಿರಲಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಅರ್ಧ ನೀರು ಇಳಿಯುವಷ್ಟರಲ್ಲಿ ಸಂಪು ತುಂಬಿಬಿಟ್ಟಿತು. ವಾಚ್‌ಮನ್ ಪೈಪು ಎತ್ತಿ ಸಾಕು ಅಂದ.

"ಪೂರ್ತಿ ತಗೊಳ್ರೀ. ಅರ್ಧ ಇಟ್ಕೊಂಡು ನಾನೇನ್ ಮಾಡ್ಲಿ?" ಎಂದ ಮಣಿಕಂಠ. ವಾಚ್‌ಮನ್ ಕೈ ಆಡಿಸಿದ. ಮಣಿಕಂಠ ಓನರಿಗೆ ಫೋನು ಮಾಡಿದ. ಭೀಮರಾಜರ ದನಿ ಪಕ್ಕದಲ್ಲಿದ್ದ ಸುಮಾಳಿಗೂ ಕೇಳಿಸುವಷ್ಟು ಜೋರಾಗಿತ್ತು. "ನೀರು ಚೆಲ್ಲೋ ಕಾಲಾನೇನೋ ಇದು? ಹಂಗೇ ತಗೊಂಡ್ಹೋಗಿ ಮುಂದಿನ ಮನೆಗೆ ಬಿಡು."

ರಸ್ತೆಗೆ ಬಂದ ಮೇಲೆ ಸುಮಾಳಿಗೆ ವ್ಯತ್ಯಾಸ ಗೊತ್ತಾಗತೊಡಗಿತು. ರಸ್ತೆಯ ಹಂಪಿನ ಹತ್ತಿರ ಗಾಡಿ ನಿಧಾನವಾದಾಗ ಮೊದಲು ಎಲ್ಲ ಸುಮ್ಮನಿರುತ್ತಿತ್ತು. ಒಂದು ಉಸಿರು ಕಳೆದ ಮೇಲೆ ಬೆನ್ನ ಹಿಂದೆ ಧಡ್ ಎಂದು ಸದ್ದಾಗಿ ಸೀಟು ಮುಂದಕ್ಕೆ ಜಗ್ಗುತ್ತಿತ್ತು. ಗಾಡಿ ನಿಂತರೂ ಒಳಗಿನ ನೀರು ನಿಲ್ಲದೆ ಬಂದು ಟ್ಯಾಂಕಿನ ಮುಂದಿನ ಗೋಡೆಗೆ ಗುದ್ದುತ್ತಿತ್ತು.

"ನಾಳೆ ಒಂಬತ್ತನೇ ಕ್ಲಾಸಿಗೆ ಇದೇ ಪಾಠ ಕಣೋ, ಜಡತ್ವ," ಎಂದು ಸುಮಾ ನಕ್ಕಳು. "ನಿನ್ನ ಗಾಡೀನೇ ಫೀಲ್ಡಿಗೆ ತಂದು ನಿಲ್ಲಿಸ್ಬೇಕು."

ಮಣಿಕಂಠ ನಗಲಿಲ್ಲ. "ಅರ್ಧ ಲೋಡು ಅಂದ್ರೆ ನಂಗಾಗಲ್ಲಕ್ಕಾ. ಫುಲ್ ಇದ್ರೆ ಒಂದೇ ಗಾಡಿ. ಅರ್ಧ ಇದ್ರೆ ಹಿಂದೆ ಇನ್ನೊಂದು ಗಾಡಿ ಅಟ್ಟಿಸ್ಕೊಂಡು ಬಂದಂಗೆ."

ಕೆರೆಯ ಕಡೆಗೆ ಇಳಿಯುವ ರಸ್ತೆಯಲ್ಲಿ ಅವನು ಮೆಲ್ಲಗೇ ಬರುತ್ತಿದ್ದ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದವರು ಸುರಿದ ಎಂ-ಸ್ಯಾಂಡ್ ಮರಳು ರಸ್ತೆಯ ತುಂಬ ಹರಡಿತ್ತು. ಸೊಪ್ಪಿನ ಬುಟ್ಟಿ ಸೊಂಟಕ್ಕೆ ಆನಿಸಿಕೊಂಡು ದೊಡ್ಡಮುನಿಯಮ್ಮ ರಸ್ತೆ ದಾಟಲು ಇಳಿದಳು. ಆ ಬೀದಿಗಳಲ್ಲಿ ಅವಳ ಹತ್ತಿರ ದಂಟು, ಸಬ್ಬಸಿಗೆ ಕೊಳ್ಳದ ಮನೆಯೇ ಇರಲಿಲ್ಲ. ಮಣಿಕಂಠ ಬ್ರೇಕ್ ಒತ್ತಿದ. ಟ್ಯಾಂಕರ್ ನಿಂತಿತು. ಅಜ್ಜಿಗೂ ಬಂಪರಿಗೂ ನಡುವೆ ಒಬ್ಬರು ಆರಾಮಾಗಿ ನಡೆದು ಹೋಗುವಷ್ಟು ಜಾಗವಿತ್ತು. ದೊಡ್ಡಮುನಿಯಮ್ಮ ತಲೆಯೆತ್ತಿ ನೋಡಿ, ಗುರುತು ಹಿಡಿದು, ನಕ್ಕು, ಇನ್ನೊಂದು ಹೆಜ್ಜೆ ಮುಂದಿಟ್ಟಳು.

ಆಗ ಸುಮಾಳಿಗೆ ಹಿಂದಿನಿಂದ ನೀರು ಬರುವ ಸದ್ದು ಕೇಳಿಸಿತು.

ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಆ ಒಂದು ಗಳಿಗೆ ಅವಳ ಪಾಲಿಗೆ ಉದ್ದವಾಗಿಯೇ ಹೋಯಿತು. "ಅಜ್ಜೀ" ಎಂದು ಬಾಯಿ ತೆರೆದಳು. ಕಾಲು ತನಗರಿವಿಲ್ಲದೆ ಇಲ್ಲದ ಬ್ರೇಕನ್ನು ಒತ್ತಿತು. ಪಕ್ಕದಲ್ಲಿ ಮಣಿಕಂಠನ ಕಾಲು ನಿಜವಾದ ಬ್ರೇಕಿನ ಮೇಲೇ ಇತ್ತು, ಮೊಣಕಾಲು ನಡುಗುವಷ್ಟು ಬಲವಾಗಿ. ಧಡ್ ಎಂದಿತು. ಚಕ್ರ ತಿರುಗಲಿಲ್ಲ, ಮರಳಿನ ಮೇಲೆ ಜಾರಿತು. ಟ್ಯಾಂಕರ್ ಒಂದು ಮಾರು ಮುಂದೆ ಹೋಗಿ, ಏನೂ ಆಗದ ಹಾಗೆ ಮತ್ತೆ ನಿಂತಿತು. ಸೊಪ್ಪು ರಸ್ತೆಯ ತುಂಬ ಚೆಲ್ಲಿತ್ತು.

ದೊಡ್ಡಮುನಿಯಮ್ಮ ಉಳಿದಳು. ಸೊಂಟದ ಮೂಳೆ ಮುರಿದಿತ್ತು, ಬಲಗಾಲು ತೊಡೆಯ ಹತ್ತಿರ ಜಜ್ಜಿಹೋಗಿತ್ತು. ಆಸ್ಪತ್ರೆಯಲ್ಲಿ ರಾಡು ಹಾಕಿದ ಡಾಕ್ಟರು, ಈ ವಯಸ್ಸಿಗೆ ಮೊದಲಿನ ಹಾಗೆ ನಡೆಯುವ ಆಸೆ ಇಟ್ಟುಕೊಳ್ಳಬೇಡಿ ಅಂದರು. ಅಷ್ಟು ಹೊತ್ತಿಗೆ ಮಣಿಕಂಠ ಸ್ಟೇಷನ್ನಿನಲ್ಲಿದ್ದ.

ಸುಮಾ ಅಲ್ಲಿಗೆ ಓಡಿದಳು. ಸಬ್ ಇನ್ಸ್‌ಪೆಕ್ಟರ್ ಕೆಟ್ಟ ಮನುಷ್ಯನೇನಲ್ಲ. ಕುರ್ಚಿ ಕೊಡಿಸಿದರು, ನೀರು ತರಿಸಿದರು.

"ಸರ್, ಗಾಡಿ ನಿಂತಿತ್ತು. ನಾನು ಪಕ್ಕದಲ್ಲೇ ಇದ್ದೆ. ಒಳಗಿದ್ದ ನೀರು ಬಂದು ಗುದ್ದಿದ್ದಕ್ಕೆ ಮುಂದೆ ಹೋಯ್ತು."

"ನೀರು ಗುದ್ತು."

"ಹೌದು ಸರ್. ಗಾಡಿ ನಿಂತ್ರೂ ನೀರು ಅದೇ ವೇಗದಲ್ಲಿ ಹೋಗ್ತಾ ಇರುತ್ತೆ. ಅರ್ಧ ಟ್ಯಾಂಕ್ ಅಂದ್ರೆ ಎರಡು ಮೂರು ಟನ್ನು. ಅಷ್ಟು ಭಾರ ಬಂದು ಒಂದೇ ಸಲ..." ಮೇಜಿನ ಮೇಲಿದ್ದ ನೀರಿನ ಬಾಟಲಿ ಎತ್ತಿಕೊಂಡು ಅಡ್ಡ ಮಲಗಿಸಿ, ಮುಂದಕ್ಕೆ ತಳ್ಳಿ, ತಟ್ಟನೆ ನಿಲ್ಲಿಸಿದಳು. ಒಳಗಿನ ನೀರು ಮುಂದಕ್ಕೆ ನುಗ್ಗಿತು. ಬಾಟಲಿ ಅವಳ ಬೆರಳಿನಿಂದ ಜಾರಿ ಫೈಲಿಗೆ ತಾಗಿತು.

ಅವರು ಅದನ್ನು ನೋಡಿದರು. ಅರ್ಥವೂ ಆಯಿತು. "ಮೇಡಂ, ನೀವು ಹೇಳೋದು ಸರಿ ಇರಬಹುದು. ಆದ್ರೆ ಎಫ್‌ಐಆರ್‌ನಲ್ಲಿ ನೀರಿನ ಹೆಸರು ಬರೆಯೋಕಾಗುತ್ತಾ? ಸ್ಟೇರಿಂಗ್ ಹಿಡಿದಿದ್ದು ಯಾರು ಅಂತ ಕೇಳ್ತಾರೆ."

ಮಣಿಕಂಠನಿಗೆ ಜಾಮೀನು ಸಿಕ್ಕಿತು. ಮನೆಗೆ ಬಂದವನು ಜಗಲಿಯ ಮೇಲೆ ಕೂತ. ಗೆಳೆಯರು ಬಂದು "ಬಿಡು ಮಗಾ, ಕೇಸ್ ನಿಲ್ಲಲ್ಲ" ಅಂದರೆ ಹೂಂಗುಟ್ಟುತ್ತಿದ್ದ. ಅವರು ಹೋದ ಮೇಲೆ ಅಕ್ಕನನ್ನು ಕೇಳುತ್ತಿದ್ದ.

"ನಾನು ಬ್ರೇಕ್ ಹಾಕ್ದೆ ಅಲ್ವಾ ಅಕ್ಕ?"

"ಹಾಕ್ದೆ ಕಣೋ. ಗಾಡಿ ನಿಂತಿತ್ತು. ನಾನೇ ನೋಡಿದ್ದೀನಲ್ಲ."

ಅವನಿಗೆ ಆ ಉತ್ತರ ಸ್ವಲ್ಪ ಹೊತ್ತು ಸಾಕಾಗುತ್ತಿತ್ತು. ಸಂಜೆಗೆ ಮತ್ತೆ ಕೇಳುತ್ತಿದ್ದ.

ಪೊಲೀಸರು ಟ್ಯಾಂಕರನ್ನು ಬಿಟ್ಟುಕೊಟ್ಟ ಸುದ್ದಿ ತಿಳಿದ ದಿನ ಸುಮಾ ಶಾಲೆಯಿಂದ ನೇರವಾಗಿ ಭೀಮರಾಜರ ಶೆಡ್ಡಿಗೆ ಹೋದಳು. ಯಾರನ್ನೂ ಕೇಳದೆ, ಸೀರೆ ಎತ್ತಿ ಕಟ್ಟಿಕೊಂಡು ಹಿಂದಿನ ಕಬ್ಬಿಣದ ಏಣಿ ಹತ್ತಿ, ಮೇಲಿನ ಮುಚ್ಚಳ ತೆಗೆದು, ಮೊಬೈಲಿನ ಬೆಳಕು ಒಳಗೆ ಬಿಟ್ಟಳು. ಈ ತುದಿಯಿಂದ ಆ ತುದಿಯವರೆಗೆ ಬರೀ ಖಾಲಿ ಡೋಲು. ನಡುವೆ ಒಂದೇ ಒಂದು ಅಡ್ಡ ತಗಡಿರಲಿಲ್ಲ.

"ಏನಮ್ಮ ಟೀಚರ್, ಇಳೀರಿ, ಬಿದ್ದೀರಿ," ಎಂದು ಭೀಮರಾಜ್ ಕೆಳಗೆ ಬಂದು ನಿಂತರು.

"ಒಳಗೆ ಅಡ್ಡ ತಗಡು ಯಾಕಿಲ್ಲ ಭೀಮರಾಜಣ್ಣ? ನಡುವೆ ತೂತು ಬಿಟ್ಟು ಎರಡು ತಗಡು ಬೆಸುಗೆ ಹಾಕಿಸಿದ್ರೆ ನೀರು ಒಟ್ಟಿಗೇ ನುಗ್ಗಲ್ಲ. ತಡೆದು ತಡೆದು ಬರುತ್ತೆ. ಗಾಡಿ ನಿಂತ ಕಡೆ ನಿಲ್ಲುತ್ತೆ."

"ಅದನ್ನ ಹಾಕಿಸಿದ್ರೆ ಒಳಗೆ ಇಳಿದು ತೊಳೆಯೋದು ಹೆಂಗೆ? ನಾನು ತಗೊಂಡಾಗಲೇ ಹಿಂಗೇ ಇತ್ತು. ಯಾರ ಗಾಡೀಲಾದ್ರೂ ಇದ್ರೆ ತೋರ್ಸಿ, ನಾನೂ ಹಾಕಿಸ್ತೀನಿ." ಆಮೇಲೆ ದನಿ ತಗ್ಗಿಸಿದರು. "ನಿಮ್ಮ ತಮ್ಮನ ಮೇಲೆ ನಂಗೆ ಬೇಜಾರಿಲ್ಲಮ್ಮ. ಆದ್ರೆ ಏರಿಯಾಗೆ ನೀರು ಕೊಡ್ಬೇಕಲ್ಲ. ಬೇರೆ ಡ್ರೈವರ್ ಬಂದವ್ನೆ."

ಅವಳು ಮುಚ್ಚಳ ಮುಚ್ಚಿ ಇಳಿದಳು. ಮೊಬೈಲಿನಲ್ಲಿ ತೆಗೆದ ಫೋಟೋವನ್ನು ಸಬ್ ಇನ್ಸ್‌ಪೆಕ್ಟರಿಗೆ ತೋರಿಸಿದಳು. ಅವರು ಕೋರ್ಟಿನಲ್ಲಿ ಹೇಳಿ ಅಂದರು. ವಕೀಲರಿಗೆ ತೋರಿಸಿದಳು, ಅವರು ನೋಡೋಣ ಅಂದರು. ಆರ್‌ಟಿಓ ಆಫೀಸಿನ ಗುಮಾಸ್ತ ಫೋಟೋವನ್ನು ದೊಡ್ಡದು ಮಾಡಿ ನೋಡಿ, "ಕತ್ತಲೆ ಬಿಟ್ರೆ ಏನೂ ಕಾಣಲ್ವಲ್ಲ ಮೇಡಂ" ಅಂದ. ಅವಳು ತೋರಿಸಬೇಕೆಂದಿದ್ದುದೂ ಅದನ್ನೇ, ಅಲ್ಲಿ ಏನೂ ಇಲ್ಲ ಅನ್ನುವುದನ್ನು.

ಶಾಲೆಯಲ್ಲಿ ಜಡತ್ವದ ಪಾಠವನ್ನು ಮುಂದಕ್ಕೆ ಹಾಕುತ್ತಲೇ ಬಂದಳು. ಕೊನೆಗೆ ಮಾಡಲೇಬೇಕಾಯಿತು. ಗ್ಲಾಸಿನ ಮೇಲೆ ರಟ್ಟು, ರಟ್ಟಿನ ಮೇಲೆ ನಾಣ್ಯ ಇಟ್ಟು, ರಟ್ಟನ್ನು ಬೆರಳಿನಿಂದ ಚಿಮ್ಮಿಸಿದಳು. ನಾಣ್ಯ ಗ್ಲಾಸಿನೊಳಗೆ ಬಿತ್ತು, ಮಕ್ಕಳು ಚಪ್ಪಾಳೆ ತಟ್ಟಿದರು. "ಚಲಿಸುತ್ತಿರುವ ವಸ್ತು..." ಎಂದು ಬೋರ್ಡಿನ ಮೇಲೆ ಬರೆಯಲು ಶುರು ಮಾಡಿ, ವಾಕ್ಯ ಮುಗಿಸಲಾಗದೆ, ಉಳಿದದ್ದನ್ನು ಪುಸ್ತಕ ನೋಡಿ ಬರ್ಕೊಳ್ಳಿ ಅಂದಳು.

ದೊಡ್ಡಮುನಿಯಮ್ಮ ಆಸ್ಪತ್ರೆಯಿಂದ ಮನೆಗೆ ಬಂದಳೆಂದು ಕೇಳಿ, ಒಂದು ಭಾನುವಾರ ಸುಮಾ ತಮ್ಮನನ್ನೂ ಕರೆದುಕೊಂಡು ಹೊರಟಳು. ಮಣಿಕಂಠ ಬೀದಿಯ ತಿರುವಿನವರೆಗೆ ಬಂದ. ಅಲ್ಲಿಂದ ಮುಂದೆ ಅವನ ಕೈಲಾಗಲಿಲ್ಲ. "ನೀನು ಹೋಗಿ ಬಾ, ನಾನಿಲ್ಲೇ ಇರ್ತೀನಿ," ಅಂದ. ಅಜ್ಜಿಗೆಂದು ತಂದಿದ್ದ ಎಳನೀರು ಮಾತ್ರ ಅವಳ ಕೈಗೆ ಕೊಟ್ಟ.

ಅಜ್ಜಿ ಒಳಗಿನ ಮಂಚದ ಮೇಲೆ ಗೋಡೆಗೆ ಒರಗಿಕೊಂಡಿದ್ದಳು. ಮಗಳು ಮುನಿಕೃಷ್ಣಮ್ಮ ಬಾಗಿಲಿಗೆ ಬಂದವಳು ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.

"ಯಾರು, ಟೀಚರಮ್ಮನಾ? ಬಾರವ್ವ," ಎಂದಳು ದೊಡ್ಡಮುನಿಯಮ್ಮ. "ಒಂದು ಮಾತು ಕೇಳ್ಬೇಕು ಅಂತಿದ್ದೆ. ನಾನು ನೋಡಿದ್ನಲ್ಲ, ಗಾಡಿ ನಿಂತಿತ್ತು. ನಿಂತಿದ್ದಕ್ಕೇ ನಾನು ಹೆಜ್ಜೆ ಹಾಕಿದ್ದು. ಆಮೇಲ್ಯಾಕೆ ಬಂತು? ಯಾರನ್ನ ಕೇಳಿದ್ರೂ ನಿನಗೆ ಕಣ್ಣು ಕಾಣಾಕಿಲ್ಲ ಅಂತಾರೆ."

"ನಿಮ್ಮ ಕಣ್ಣು ಸರಿಯಾಗೇ ಇದೆ ಅಜ್ಜಿ. ಗಾಡಿ ನಿಂತಿತ್ತು."

ಸುಮಾ ಎಲ್ಲ ಹೇಳಿದಳು. ನೀರು ಹೇಗೆ ನಿಲ್ಲಲಿಲ್ಲ, ಮರಳಿನ ಮೇಲೆ ಚಕ್ರಕ್ಕೆ ಹೇಗೆ ಹಿಡಿತ ಸಿಗಲಿಲ್ಲ, ಮಣಿಕಂಠನ ಕಾಲು ಕೊನೆಯವರೆಗೂ ಬ್ರೇಕಿನ ಮೇಲೆ ಹೇಗಿತ್ತು. ಆ ಕೆಲವು ವಾರಗಳಲ್ಲಿ ಇಷ್ಟು ಗಮನವಿಟ್ಟು ಯಾರೂ ಅವಳ ಮಾತು ಕೇಳಿರಲಿಲ್ಲ. ದೊಡ್ಡಮುನಿಯಮ್ಮ ಮುಗಿಯುವವರೆಗೂ ಅವಳ ಮುಖ ನೋಡುತ್ತಿದ್ದು, "ಅಂಗಾದ್ರೆ ನಾನು ಕುಲ್ಡಿ ಅಲ್ಲ," ಅಂದಳು.

ಮುನಿಕೃಷ್ಣಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ನಿನ್ನ ತಮ್ಮಂದು ತಪ್ಪಿಲ್ಲ, ನಮ್ಮವ್ವಂದು ತಪ್ಪಿಲ್ಲ. ಓನರ್ ಕೇಳಿದ್ರೆ ಎಲ್ಲರ ಗಾಡೀನೂ ಇಂಗೇ ಅಂತಾನೆ. ಅಂಗಾದ್ರೆ ನಾನು ಯಾರನ್ನ ಬೈಲಿ? ಹೇಳು. ದಿನಾ ಇವಳನ್ನ ಎತ್ತಿ ಮಲಗಿಸಿ ತೊಳೆದು ಮಾಡ್ತೀನಲ್ಲ, ಮನಸಿಗೆ ಸಮಾಧಾನ ಆಗೋವಂಗೆ ಒಬ್ಬರನ್ನ ಬೈಬೇಕಲ್ಲ ನಾನು."

"ನನ್ನನ್ನ ಬೈಯಿರಿ ಅಕ್ಕ," ಎಂದಳು ಸುಮಾ.

"ನೀನೇನ್ ಮಾಡಿದ್ದೀಯ?"

ಸುಮಾ ಕೈಯಲ್ಲಿದ್ದ ಎಳನೀರು ನೆಲದ ಮೇಲಿಟ್ಟಳು. ಹೊರಗೆ ಯಾವುದೋ ಮನೆಯ ಮೋಟಾರು ಓಡುತ್ತಿತ್ತು.

"ಬಚ್ಚಲಿಗೆ ಹೋಗ್ಬೇಕು ಕಣೇ," ಎಂದಳು ದೊಡ್ಡಮುನಿಯಮ್ಮ ಮಗಳಿಗೆ, ನಾಚಿಕೊಂಡು.

ಮುನಿಕೃಷ್ಣಮ್ಮ ಬಂದು ತಾಯಿಯ ಎಡಗಡೆ ನಿಂತಳು. ಸುಮಾ ಬ್ಯಾಗು ಕೆಳಗಿಟ್ಟು ಬಲಗಡೆ ಹೋದಳು. ಮುದುಕಿ ಕಡ್ಡಿಯಂತಿದ್ದರೂ ಎತ್ತುವಾಗ ತುಂಬಾ ಭಾರ. "ಆ ಕಡೆ ಕಾಲಿಗೆ ತಾಗಿಸ್ಬೇಡ. ತೋಳಿನ ಕೆಳಗೆ ಕೈ ಹಾಕು," ಎಂದು ಮುನಿಕೃಷ್ಣಮ್ಮ ಗದರಿದಳು. ಸುಮಾ ಹಾಗೇ ಕೈ ಹಾಕಿದಳು.